ಕಾಶಿ ಕಣಗಿಲೆಯ ಮದ್ದು



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಎಷ್ಟೋ ಮನೆಗಳ ಹಿತ್ತಿಲಲ್ಲಿ ಕಾಶಿ ಕಣಗಿಲೆ ಇರುತ್ತದೆ. ನಿತ್ಯಪುಷ್ಪ ಅಂತಲೂ ಕರೆಯುತ್ತೀರಿ. ವರುಷವೆಲ್ಲ ಹೂ ಬಿಡುವ ಈ ಗಿಡದ ಎಲೆಯಿಂದ ಕ್ಯಾನ್ಸರಿಗೆ ಮದ್ದು ತೆಗೆಯುತ್ತಾರೆ ಅಂದರೆ ನಂಬುತ್ತೀರಾ? ಮಾತು ನಿಜ.

ಹಿಂದೆ ಜಮೈಕಾ ದ್ವೀಪದ ಜನ ಸಕ್ಕರೆ ಕಾಯಿಲೆಗೆಂದು ಈ ಎಲೆಯ ಕಷಾಯ ಕುಡಿಯುತ್ತಿದ್ದರು. ಕೆನಡಾ ದೇಶದಲ್ಲಿ ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿಕಣಗಳು ಇಳಿದವು! ಬಿಳಿಕಣ ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದು ಮದ್ದಾದೀತೆಂಬ ಆಸೆ ಹುಟ್ಟಿತು. 1958ರಲ್ಲಿ ವಿನ್‌ಬ್ಲಾಸ್ಟಿನ್ ಸಂಗತಿ ಪ್ರಕಟವಾಯಿತು. ಇದೇ ಎಲೆಯ ಇನ್ನೊಂದು ಮದ್ದು ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಅದು ಕೆಲಸ ಮಾಡುವ ಬಗೆ ಹೀಗೆ. ಒಂದು ಜೀವಕೋಶ ಎರಡಾಗುವಾಗ, ಅಣ್ಣತಮ್ಮಂದಿರು ಪಾಲಾದಂತೆ, ಒಳಗಿನ ಆಸ್ತಿ ಸಮನಾಗಿ ಹಂಚಿಕೆಯಾಗಬೇಕು. ಆಗ ಕಣ್ಣಿಗೆ ಕಾಣದ ಸಣ್ಣ ಎಳೆಗಳು ಕೂಡಿಕೊಂಡು, ಒಂದೊಂದು ಪಾಲನ್ನು ಒಂದೊಂದು ಬದಿಗೆ ಎಳೆಯುತ್ತವೆ. ರೇಷ್ಮೆಗೂಡಿನಿಂದ ನೂಲು ಬಿಚ್ಚುವುದನ್ನು ಕಂಡ ನಿಮಗೆ ಎಳೆ ಅಂದರೇನೆಂದು ಹೇಳಬೇಕಿಲ್ಲ. ಈ ಮದ್ದು ಆ ಎಳೆ ಕೂಡಿಕೊಳ್ಳದಂತೆ ತಡೆಯುತ್ತದೆ. ಎಳೆಯಿಲ್ಲದೆ ಪಾಲಿಲ್ಲ, ಪಾಲಾಗದ ಜೀವಕೋಶ ಸಾಯುತ್ತದೆ. ಕ್ಯಾನ್ಸರಿನ ಜೀವಕೋಶ ಎಡೆಬಿಡದೆ ಎರಡಾಗುತ್ತಿರುವುದರಿಂದ ಅದಕ್ಕೆ ಪೆಟ್ಟು ಹೆಚ್ಚು. ಕೂದಲ ಬುಡವೂ ಬೇಗ ಬೆಳೆಯುವಂಥದು. ಅದಕ್ಕೇ ಕೂದಲು ಉದುರುತ್ತದೆ. ನರಗಳಲ್ಲೂ ಇಂಥ ಎಳೆಗಳಿವೆ. ಬೆರಳು ಜೋಮು ಹಿಡಿಯುವುದುಂಟು.

"ಹಾಗಾದರೆ ಹಿತ್ತಿಲ ಎಲೆ ಕುದಿಸಿ ಕುಡಿದರಾಯಿತಲ್ಲ" ಅಂದೀರಿ. ಖಂಡಿತ ಬೇಡ! ಒಂದು ಟನ್ ಒಣ ಎಲೆಯಿಂದ ಸಿಗುವ ವಿನ್‌ಕ್ರಿಸ್ಟಿನ್ ಕೆಲವೇ ಗ್ರಾಂ. ಅದನ್ನು ಶುದ್ಧಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಕಷಾಯಕ್ಕೆ ಅಳತೆಯಿಲ್ಲ, ಎಲೆಯಲ್ಲಿ ಬೇರೆ ವಿಷಗಳೂ ಇವೆ. ಸಕ್ಕರೆ ಕಾಯಿಲೆಗೂ ಕುಡಿಯಬೇಡಿ. ದನಕುರಿಗಳ ಬಾಯಿಗೂ ಬೀಳದಿರಲಿ.

ಮಗುವಿಗೆ ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ, ಕುತ್ತಿಗೆಯಲ್ಲಿ ಗಂಟು ಕಂಡರೆ ತಾಲ್ಲೂಕು ಆಸ್ಪತ್ರೆಯಲ್ಲಿ ತಡಮಾಡದೆ ರಕ್ತ ತೋರಿಸಿ. ಕ್ಯಾನ್ಸರ್ ಎಂದಾದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ನಿಮಗೆ ದೂರವೇನಲ್ಲ. ಮಕ್ಕಳ ರಕ್ತದ ಕ್ಯಾನ್ಸರಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಚಿಕಿತ್ಸೆ ಬೇಕು. ಮೊದಲ ತಿಂಗಳಿಗೇ ಮಗು ಎದ್ದು ಆಡಬಹುದು. ಆಗ, ಕುಯ್ಲು ಬಂತು, ಹುಳು ಹಣ್ಣಾಯಿತು ಎಂದು ನಡುವೆ ಬಿಟ್ಟೀರಿ, ಜೋಕೆ! ಗರಿಕೆಯ ಬೇರು ಉಳಿದರೆ ಹೊಲ ಏನಾಗುತ್ತದೆಂದು ನೀವೇ ಬಲ್ಲಿರಿ. ಪೂರ್ತಿ ಚಿಕಿತ್ಸೆ ಪಡೆದ ಎಷ್ಟೋ ಮಕ್ಕಳು ಗುಣವಾಗಿದ್ದಾರೆ.

ಹೂವು ದೇವರ ತಲೆಗೆ ಏರಲಿ. ಮದ್ದು ಮಾತ್ರ ವೈದ್ಯರ ಕೈಯಿಂದಲೇ ಬರಲಿ.