ಗುರುಗುಂಟಾದಲ್ಲಿ ಮನೆ ಕಾದ ಏಳು ವರ್ಷ

(ಮಲೆನಾಡಿನ ಹಳ್ಳಿಯೊಂದರ ಶಾಲೆಯಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)



ಖಾಲಿಯಾಗುತ್ತಿರುವ ಮಲೆನಾಡಿನ ಮನೆಗಳ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದೀರಿ. ಇಲ್ಲಿಗೆ ನಡೆದು ಬರುವ ದಾರಿಯಲ್ಲಿಯೇ ನಾಲ್ಕು ಮನೆಗಳ ಬಾಗಿಲಿಗೆ ಬೀಗ ಕಂಡೆ. ಒಂದರ ಅಂಗಳದಲ್ಲಿ ತುಳಸಿಕಟ್ಟೆಯನ್ನು ಮುಚ್ಚುವಷ್ಟು ಗಿಡಗಂಟಿ ಬೆಳೆದಿದೆ. ಇನ್ನೊಂದರ ಹೆಂಚುಗಳನ್ನು ಮಂಗಗಳು ಸರಿಸಿವೆ. ಆ ಮನೆಗಳ ಸಂಗತಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಊರಿನಲ್ಲಿ ಉಳಿದವರು ಎಪ್ಪತ್ತು ದಾಟಿದವರು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದಾರೆ. ಈಗ ನಿಮ್ಮಲ್ಲಿ ಕೆಲವರು, ‘ಯಾರನ್ನಾದರೂ ಬಾಡಿಗೆಯಿಲ್ಲದೆ ಕೂರಿಸೋಣ, ಮನೆ ನೋಡಿಕೊಂಡಿದ್ದರೆ ಸಾಕು’ ಎಂದು ಯೋಚಿಸುತ್ತಿದ್ದೀರಿ ಎಂದು ಕೇಳಿದೆ. ನಾನು ಅಂತಹ ಒಪ್ಪಂದದಲ್ಲಿ ಏಳು ವರ್ಷ ಬದುಕಿದವನು. ಅದು ಈ ಬೆಟ್ಟಗಳಲ್ಲಲ್ಲ, ರಾಯಚೂರು ಜಿಲ್ಲೆಯ ಬಯಲಿನಲ್ಲಿ. ಆ ಮನೆಯ ಕಥೆಯನ್ನೇ ಹೇಳುತ್ತೇನೆ.

ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ನಿಜಾಮರ ಆಳ್ವಿಕೆಯಲ್ಲಿ ಒಂದು ಚಿಕ್ಕ ಸಂಸ್ಥಾನವಾಗಿದ್ದ ಊರು. ಪಕ್ಕದಲ್ಲಿ ಅಮರೇಶ್ವರ ದೇವಾಲಯವಿದೆ. ಸಮೀಪದಲ್ಲೇ ಹಟ್ಟಿಯ ಚಿನ್ನದ ಗಣಿ. ತಾಲ್ಲೂಕಿನ ಉತ್ತರದಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ನಮ್ಮ ಸಹ್ಯಾದ್ರಿಯ ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯೂ ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯೂ ಒಂದಾಗಿ ಹರಿದ ಮೇಲೆಯೇ ನಾರಾಯಣಪುರ ಜಲಾಶಯ ತುಂಬಬೇಕು. ಇಲ್ಲಿ ಕಾಡು ಬೋಳಾದರೆ ಅಲ್ಲಿಯ ಕಾಲುವೆಗೆ ಏನಾಗುತ್ತದೆಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಅದರ ಮೂರು ಪಟ್ಟು ಸುರಿಯುವುದುಂಟು. ಆ ಮಳೆ ತಪ್ಪಿತೆಂದರೆ ಜನ ಗುಳೆ ಹೊರಡುತ್ತಾರೆ. ಉದ್ಯೋಗ ಖಾತ್ರಿ ಯೋಜನೆ 2006ರ ಫೆಬ್ರುವರಿಯಲ್ಲಿ ಮೊದಲ ಹಂತದಲ್ಲಿಯೇ ರಾಯಚೂರು ಜಿಲ್ಲೆಗೆ ಬಂತು. ಗುಳೆ ನಿಲ್ಲಲಿಲ್ಲ.

2007ರಲ್ಲಿ ನನಗೆ ಅಲ್ಲಿಗೆ ವರ್ಗವಾಯಿತು. ಬಾಡಿಗೆ ಮನೆ ಹುಡುಕುತ್ತ ಓಣಿ ಓಣಿ ತಿರುಗಿದೆ. ಬೀಗ ಹಾಕಿದ ಮನೆಗಳಿಗೆ ಕೊರತೆಯಿರಲಿಲ್ಲ, ಬಾಡಿಗೆಗೆಂದು ಕೊಡುವ ಮನೆ ಮಾತ್ರ ಸಿಗಲಿಲ್ಲ. ಮೂರನೆಯ ದಿನ ಒಬ್ಬ ಮುದುಕಿ ತನ್ನ ಮನೆಯ ಕಟ್ಟೆಯ ಮೇಲೆ ಗಂಟುಮೂಟೆ ಇಟ್ಟುಕೊಂಡು ಕೂತಿದ್ದಳು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಂದಿಗೆ ಆ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದಳು. ಬಾಡಿಗೆಯ ಮಾತೆತ್ತಿದೆ. ಆಕೆ ಹೇಳಿದ್ದು ಇಷ್ಟು: “ಬಾಡಗಿ ಯಾಕ್ರೀ ಮಾಸ್ತರ್ರ? ಸಂಜಿಗೆ ದೀಪ ಹಚ್ರಿ, ಮುಂಜಾನಿ ಬಾಗ್ಲಿಗೆ ನೀರು ಹಾಕ್ರಿ, ಮಳಿ ಬಂದ್ರ ಮಾಳಗಿ ನೋಡ್ರಿ. ಅಷ್ಟ ಸಾಕು.” ಬಿಟ್ಟಿ ಮನೆ ಸಿಕ್ಕಿತೆಂದು ನಾನು ಹಿಗ್ಗಿದೆ. ‘ಮಾಳಗಿ ನೋಡ್ರಿ’ ಎಂಬ ಮಾತಿನ ತೂಕ ಆಗ ತಿಳಿಯಲಿಲ್ಲ.

ಅದು ಮಣ್ಣಿನ ಮಾಳಿಗೆ ಮನೆ. ಕಲ್ಲು, ಕೆಸರಿನ ಎರಡು ಮೊಳ ದಪ್ಪದ ಗೋಡೆ. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಸಾಲು ಜಂತಿ, ಜಂತಿಗಳ ಮೇಲೆ ಕಟ್ಟಿಗೆಯ ಸೀಳು, ಅದರ ಮೇಲೆ ಹುಳು ಬಾರದಂತೆ ಬೇವಿನ ಸೊಪ್ಪು, ಆಮೇಲೆ ಗೇಣುದ್ದಕ್ಕೂ ಮಿಕ್ಕಿ ಮಣ್ಣು. ಎಲ್ಲಕ್ಕಿಂತ ಮೇಲಿನ ಪದರ ಕರಲು ಮಣ್ಣಿನದು. ಇದು ಬಹಳ ಸ್ವಾರಸ್ಯದ ವಸ್ತು. ಹೊಲದಲ್ಲಿ ಈ ಮಣ್ಣಿದ್ದರೆ ಪೈರು ಏಳುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು ಕಡೆ ಅತಿಯಾದ ನೀರಾವರಿಯಿಂದ ನೆಲ ಸವಳಾಗಿ ರೈತರು ಹಣೆ ಚಚ್ಚಿಕೊಳ್ಳುತ್ತಾರೆ. ಆದರೆ ಅದೇ ಮಣ್ಣು ಮಾಳಿಗೆಗೆ ಬೇಕೇ ಬೇಕು. ಅದರಲ್ಲಿರುವ ಸೋಡಿಯಂನಿಂದಾಗಿ ಒದ್ದೆಯಾದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ, ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ಹರಿದು ಹೋಗುತ್ತದೆ. ಸೋಡಿಯಂನ ಹೆಸರು ಕೇಳದ ಜನ ಇದನ್ನು ಕಂಡುಕೊಂಡಿದ್ದರು. ಹೊರಗೆ ಬಿಸಿಲು ನಲವತ್ತು ಡಿಗ್ರಿ ದಾಟಿದಾಗಲೂ ಪಡಸಾಲೆಯಲ್ಲಿ ಚಾಪೆ ಹಾಸಿ ನಿದ್ರಿಸಬಹುದಾಗಿತ್ತು. ವಿದ್ಯುತ್ತಿನ ಫ್ಯಾನು ಇತ್ತು; ವಿದ್ಯುತ್ತು ಇರುತ್ತಿರಲಿಲ್ಲ, ಅದು ಬೇರೆ ಮಾತು.

ಇಂತಹ ಮನೆ ಜನವಿಲ್ಲದೆ ನಿಲ್ಲುವುದಿಲ್ಲ. ಒಲೆಯ ಹೊಗೆ ಜಂತಿಗಳಿಗೆ ತಾಗುತ್ತಿರಬೇಕು. ಹೊಗೆ ನಿಂತರೆ ಗೆದ್ದಲು ಬರುತ್ತದೆ. ಮಾಳಿಗೆಯ ಮೇಲೆ ಹುಲ್ಲು ಮೊಳೆತರೆ ಬೇರು ಇಳಿಯುವ ಮೊದಲೇ ಕೀಳಬೇಕು. ಇಲಿ, ಇರುವೆ ತೋಡಿದ ಬಿಲ ಮುಚ್ಚಬೇಕು. ಮುಂಗಾರಿಗೆ ಮುನ್ನ ಹೊಸ ಕರಲು ಮಣ್ಣು ಹರವಿ, ಇಳಿಜಾರು ತಿದ್ದಿ, ನೀರು ಹೊರಚೆಲ್ಲುವ ದೋಣಿಯ ಬಾಯಿ ಬಿಡಿಸಬೇಕು. ಮಳೆ ಹನಿಯುವ ಸೂಚನೆ ಕಂಡೊಡನೆ ಬೆಳಕಿಂಡಿಯ ಮೇಲೆ ಗಡಿಗೆ ಬೋರಲು ಹಾಕಬೇಕು. ಮಧ್ಯರಾತ್ರಿ ಸೋರಿದರೆ ಕಂದೀಲು ಹಿಡಿದು ಮೇಲೆ ಹತ್ತಿ, ಸೋರುವಲ್ಲಿ ಮಣ್ಣು ಹಾಕಿ ತುಳಿಯಬೇಕು. ಪಕ್ಕದ ಮನೆಯ ಹಿರಿಯರೊಬ್ಬರು ಇವೆಲ್ಲವನ್ನೂ ನನಗೆ ಕಲಿಸಿದರು. ಹೆಂಚು ಕೈಯಾಡಿಸುವುದನ್ನೂ, ಇರಚಲು ತಡೆಯಲು ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುವುದನ್ನೂ ಬಾಲ್ಯದಿಂದ ಬಲ್ಲ ನನಗೆ ಈ ವಿದ್ಯೆ ಪೂರ್ತಿ ಹೊಸದು. ಎರಡು ವರ್ಷ ಚೆನ್ನಾಗಿಯೇ ಮಾಡಿದೆ.

2009ರ ದಸರಾ ರಜೆಗೆ ಬೀಗ ಹಾಕಿ ಊರಿಗೆ ಬಂದೆ. ಪಕ್ಕದವರಿಗೆ ಬೀಗದ ಕೈ ಕೊಡಲಿಲ್ಲ. ನನ್ನ ಪುಸ್ತಕಗಳಿದ್ದವು, ಹೊಸದಾಗಿ ಕೊಂಡ ರೇಡಿಯೋ ಇತ್ತು. ನಿಜ ಹೇಳಬೇಕೆಂದರೆ ಯಾರಾದರೂ ಮುಟ್ಟಿಯಾರೆಂಬ ಅಳುಕು. ಆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ನಿಮಗೆ ನೆನಪಿರಬಹುದು. ಕೃಷ್ಣಾ, ತುಂಗಭದ್ರಾ ತೀರದ ಊರುಗಳು ಮುಳುಗಿದವು. ನದಿಯಿಂದ ದೂರವಿದ್ದ ಊರುಗಳಲ್ಲಿಯೂ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ನಾನು ಹಿಂದಿರುಗಿದಾಗ ಅಡುಗೆಮನೆಯ ಮಾಳಿಗೆ ನೆಲಕ್ಕೆ ಬಿದ್ದಿತ್ತು. ದೋಣಿಯ ಬಾಯಿಗೆ ಕಸ ಕಟ್ಟಿಕೊಂಡು ನೀರು ಮೇಲೆಯೇ ನಿಂತಿತ್ತು. ಪಕ್ಕದ ಹಿರಿಯರು ಮೂರು ದಿನ ತಮ್ಮ ಮಾಳಿಗೆ ತುಳಿದು ಉಳಿಸಿಕೊಂಡಿದ್ದರು. ನಮ್ಮ ಮನೆಗೆ ಒಳಗಿನಿಂದಲೇ ಏಣಿ. ಬಾಗಿಲಿಗೆ ನನ್ನ ಬೀಗ. ಹತ್ತು ನಿಮಿಷದ ಕೆಲಸವದು. ಬೀಗದ ಕೈ ಮಾತ್ರ ಇಲ್ಲಿ ಸಹ್ಯಾದ್ರಿಯಲ್ಲಿ ನನ್ನ ಜೇಬಿನಲ್ಲಿತ್ತು.

ಬೆಂಗಳೂರಿಗೆ ಫೋನು ಮಾಡಿದೆ. ಮಗ ಮಾತಾಡಲಿಲ್ಲ, ತಾಯಿಗೆ ಕೊಟ್ಟ. “ಮಾಳಗಿ ಬಿದ್ರ ಕಟ್ಟಬೌದ್ರಿ ಮಾಸ್ತರ್ರ, ನೀವು ಒಳಗಿದ್ದಿದ್ರ ಏನ್ ಮಾಡಬೇಕಾಗಿತ್ತು?” ಎಂದಳು. ಆ ಮಾತು ನನಗೆ ಸಮಾಧಾನ ಕೊಡಲಿಲ್ಲ. ಅಡುಗೆಮನೆಯನ್ನು ಮೊದಲಿನಂತೆಯೇ ಕಟ್ಟಿಸಬೇಕೆಂದು ಹೊರಟೆ. ಹೊಸ ಜಂತಿಗಳ ಬೆಲೆ ಕೇಳಿ ಕೈಚೆಲ್ಲಿದೆ. ಕೊನೆಗೆ ತಗಡು ಹೊದಿಸಿದೆವು. ಆ ಒಂದು ಕೋಣೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನ ಕಾಲಿಡಲಾಗುತ್ತಿರಲಿಲ್ಲ. ಉಳಿದ ಐದು ವರ್ಷ ಅದೇ ಕಾವಿನಲ್ಲಿ ಅಡುಗೆ ಮಾಡಿಕೊಂಡೆ.

ಮರುವರ್ಷ ಆ ಕುಟುಂಬವನ್ನು ನೋಡಲು ಬೆಂಗಳೂರಿಗೆ ಹೋದೆ. ಅವರು ಮಾಡುತ್ತಿದ್ದದ್ದು ಕೂಡ ಮನೆ ಕಾಯುವ ಕೆಲಸವೇ! ಕಟ್ಟುತ್ತಿದ್ದ ಮೂರಂತಸ್ತಿನ ಮನೆಯ ಅಂಗಳದಲ್ಲಿ ತಗಡಿನ ಶೆಡ್ಡು. ಬಾಡಿಗೆಯಿಲ್ಲ. ಅದಕ್ಕೆ ಪ್ರತಿಯಾಗಿ ರಾತ್ರಿ ಸಿಮೆಂಟು, ಕಬ್ಬಿಣ ಕಾಯಬೇಕು. ಬೆಳಿಗ್ಗೆ, ಸಂಜೆ ಗೋಡೆಗೆ, ತಾರಸಿಗೆ ನೀರು ಹಾಕಬೇಕು. ಸಂಬಳ ಮಗನಿಗೆ ಮಾತ್ರ. ನೀರು ಹಾಕುತ್ತಿದ್ದವಳು ಸೊಸೆ. ಮನೆ ಕಟ್ಟಿ ಮುಗಿದು ಗೃಹಪ್ರವೇಶದ ದಿನ ಗೊತ್ತಾಯಿತೆಂದರೆ ಇವರ ಶೆಡ್ಡು ಕೀಳುತ್ತಾರೆ. ಮೂರು ವರ್ಷಗಳಲ್ಲಿ ನಾಲ್ಕು ಶೆಡ್ಡು ಬದಲಾಯಿಸಿದ್ದರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಎಷ್ಟೋ ಸಂಸಾರಗಳು ರಾಜಧಾನಿಯಲ್ಲಿ ಹೀಗೆಯೇ ಬದುಕುತ್ತಿವೆ. ಉಚಿತ ವಸತಿ ಎಂಬ ಹೆಸರಿನಲ್ಲಿ ಹೆಣ್ಣುಮಕ್ಕಳ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯದಿರುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ.

ಆದ್ದರಿಂದಲೇ ನಿಮ್ಮ ಆಲೋಚನೆಗೆ ನಾನು ಸುಮ್ಮನೆ ತಲೆಯಾಡಿಸಲಾರೆ. ಕೂರಿಸುವವರಿಗೂ ಭಯವಿದೆ, ಕೂರುವವರಿಗೂ ಭಯವಿದೆ. 1974ರ ಭೂಸುಧಾರಣೆ ಬಂದಾಗ ಉಳುವವನು ಹೊಲದೊಡೆಯನಾದ. ನ್ಯಾಯವಾದದ್ದೇ ಆಯಿತು. ಆದರೆ ಅಂದಿನಿಂದ ‘ಒಳಗೆ ಬಿಟ್ಟವನು ಏಳುವುದಿಲ್ಲ’ ಎಂಬ ಅಂಜಿಕೆ ಮನೆಗಳ ವಿಚಾರದಲ್ಲಿಯೂ ಉಳಿದುಬಿಟ್ಟಿದೆ. ಹನ್ನೆರಡು ವರ್ಷ ಇದ್ದರೆ ಮನೆ ಅವನದೇ ಎಂದು ಜಗಲಿಯ ಮೇಲೆ ಕೂತು ಹೇಳುವವರು ಪ್ರತಿ ಊರಿನಲ್ಲಿದ್ದಾರೆ. ಅದು ಅಷ್ಟು ಸರಳವಲ್ಲ. 2012ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಗೋವಾದ ಮನೆಯೊಂದರ ವ್ಯಾಜ್ಯವನ್ನು ತೀರ್ಮಾನಿಸಿತು. ಅಕ್ಕತಂಗಿಯರ, ಅಣ್ಣತಮ್ಮಂದಿರ ನಡುವೆ ಸಾಮಾನ್ಯವಾಗಿ ಹುಟ್ಟುವ ಜಗಳವೇ ಅದು. ಸಹೋದರಿಯ ಮನೆಯಲ್ಲಿ ಸಹೋದರ ವಾಸವಾಗಿದ್ದ. ಮನೆ ನೋಡಿಕೊಳ್ಳಲೆಂದು ಇದ್ದವನು, ಕಾವಲುಗಾರ, ಆಳು ಎಷ್ಟೇ ವರ್ಷ ಇದ್ದರೂ ಆ ಮನೆಯ ಮೇಲೆ ಹಕ್ಕು ಪಡೆಯುವುದಿಲ್ಲವೆಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಮನೆಯೊಡೆಯರು ನಿರಾತಂಕವಾಗಿರಬಹುದು. ಆದರೆ ಅದೇ ತತ್ತ್ವವನ್ನು ಆ ಶೆಡ್ಡಿನಿಂದ ನೋಡಿರಿ. ಹತ್ತು ವರ್ಷ ಕಾದವನನ್ನು ಏಳು ಎಂದರೆ ಏಳಬೇಕು. ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಾನೂನು ಒಡೆಯನ ಭಯವನ್ನು ಕಳೆದಿದೆ, ಕಾಯುವವನ ಭಯವನ್ನು ಕಳೆಯುವುದು ನಿಮ್ಮ ಪಾಲಿಗೆ ಉಳಿದಿದೆ.

ಅದಕ್ಕೆ ಎರಡು ಹಾಳೆ ಕಾಗದ ಸಾಕು. ಅನುಮತಿಯ ಮೇಲೆ ವಾಸ, ಬಾಡಿಗೆಯ ಹಕ್ಕಲ್ಲ ಎಂದು ಅದರಲ್ಲಿ ಇರಲಿ. ಜೊತೆಗೆ, ಬಿಡಿಸುವ ಮುನ್ನ ಮೂರು ತಿಂಗಳ ಸೂಚನೆ ಕೊಡಬೇಕೆಂಬುದೂ ಇರಲಿ. ಹೆಂಚು ಒಡೆದರೆ ದುಡ್ಡು ಯಾರದು, ಹಿತ್ತಲಿನ ಹಲಸು, ಉದುರಿದ ಅಡಕೆ ಯಾರದು, ಬೀಗ ಹಾಕಿದ ಕೋಣೆ ಯಾವುದು ಎಂಬುದನ್ನೆಲ್ಲ ಮೊದಲೇ ಮಾತಾಡಿಕೊಳ್ಳಿ. ದನ ನೋಡಿಕೊಳ್ಳಬೇಕು, ಹಿರಿಯರಿಗೆ ಔಷಧಿ ಕೊಡಬೇಕು ಎಂದಾದರೆ ಅದು ಮನೆ ಕಾಯುವುದಲ್ಲ, ದುಡಿಮೆ. ಅದಕ್ಕೆ ಬೇರೆ ಸಂಬಳ ಕೊಡಬೇಕು. ಬೀಗದ ಇನ್ನೊಂದು ಕೈ ಪಕ್ಕದ ಮನೆಯಲ್ಲಿರಲೇಬೇಕು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದು ನಿಮಗೆ ತಿಳಿದಿದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮಲ್ಲಿ ಕೆಲವರು ಪೇಟೆಯ ಕಾಲೇಜಿಗಾಗಿ ಹಾಸ್ಟೆಲ್ ಹುಡುಕುತ್ತಿದ್ದೀರಿ. ಪೇಟೆಗೆ ಹತ್ತಿರದ ಹಳ್ಳಿಗಳಲ್ಲಿ ಮನೆಗಳು ಬಿದ್ದು ಹೋಗುತ್ತಿವೆ. ಹೋಗಿ ಕೇಳಿ. ಆದರೆ ಒಂದು ಮಳೆಗಾಲ ಪೂರ್ತಿ ಇರುವ ಮನಸ್ಸಿದ್ದರೆ ಮಾತ್ರ ಕೇಳಿ. ಬೇಸಿಗೆಯಲ್ಲಿ ಯಾವ ಮನೆಯೂ ನಿಮ್ಮನ್ನು ಪರೀಕ್ಷಿಸುವುದಿಲ್ಲ. ಇಲ್ಲಿ ಶರಾವತಿ ಮುಳುಗಡೆಯಲ್ಲಿ ಮನೆ ಕಳೆದುಕೊಂಡವರ ಮೊಮ್ಮಕ್ಕಳೂ ಕೂತಿದ್ದೀರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಿಮ್ಮ ಅಜ್ಜಂದಿರು ಬಿಟ್ಟುಬಂದ ಮನೆಗಳನ್ನು ಕಾಯುವ ಅವಕಾಶ ಯಾರಿಗೂ ಇರಲಿಲ್ಲ. ಈ ಮನೆಗಳಿಗೆ ಇನ್ನೂ ಇದೆ.

2014ರಲ್ಲಿ ನನಗೆ ಗುರುಗುಂಟಾದಿಂದ ವರ್ಗವಾಯಿತು. ಬೀಗದ ಕೈಯನ್ನು ಇನ್ನೊಬ್ಬ ಶಿಕ್ಷಕರಿಗೆ ಕೊಟ್ಟು, ಮಾಳಿಗೆಯ ಮೇಲೆ ಹತ್ತಿಸಿ ಒಂದೊಂದನ್ನೇ ತೋರಿಸಿ ಬಂದೆ. ಆ ಸಂಸಾರ ಮೊಹರಂ ಹಬ್ಬಕ್ಕೆ ಬಂದು ಹೋಗುತ್ತಿತ್ತು. ಅಲ್ಲಿ, ಮುದಗಲ್ಲಿನ ಸುತ್ತಿನ ಊರುಗಳಲ್ಲಿ, ಗುಳೆ ಹೋದವರು ಯಾವ ಜಾತಿಯವರಾದರೂ ಮೊಹರಂಗೆ ಊರಿಗೆ ಬಾರದೆ ಇರುವುದಿಲ್ಲ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಿತಲ್ಲ, ಬೆಂಗಳೂರಿನ ಕಟ್ಟಡದ ಕೆಲಸ ನಿಂತಿತು. ಮೇ ತಿಂಗಳಲ್ಲಿ ಸರ್ಕಾರ ಬಸ್ಸು ಬಿಟ್ಟ ಮೇಲೆ ಅವರೆಲ್ಲ ಊರು ಸೇರಿದರು. ಓಣಿಯಲ್ಲಿ ಬಿದ್ದ ಮನೆಗಳವರು ಬಂಧುಗಳ ಪಡಸಾಲೆಗಳಲ್ಲಿ ಇಳಿದುಕೊಂಡರಂತೆ. ಇವರು ತಮ್ಮ ಮನೆಯ ಬಾಗಿಲು ತೆರೆದು ಒಳಗೆ ಹೋದರು.

ಜೂನ್ ಮೊದಲ ವಾರ ಒಂದು ಸಂಜೆ ಮಗನ ಫೋನು ಬಂತು. 2009ರ ನಂತರ ಅವನು ತಾನಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು. ಕ್ಷೇಮ ಸಮಾಚಾರ ಕೇಳಲಿಲ್ಲ. “ಸರ, ಮಳಿ ಬರೂ ಹಂಗೈತಿ. ಬೆಳಕಿಂಡಿ ಗಡಿಗಿ ಎಲ್ಲಿ ಇಡ್ತಿದ್ರಿ?” ಎಂದ.

ಹಿತ್ತಲ ಬಾಗಿಲ ಹಿಂದೆ, ಏಣಿಯ ಪಕ್ಕ ಎಂದೆ.