ಜರ್ಮನಿಯ ಕೂಲಿಕಾರ ಬಲಕ್ಕೆ ಏಕೆ ತಿರುಗಿದ?

(ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)

ಜರ್ಮನಿ ಎಂದರೆ ನಮಗೆ ಇಬ್ಬರು ನೆನಪಾಗುತ್ತಾರೆ. ಅಲ್ಲಿ ಹುಟ್ಟಿದ ಮಾರ್ಕ್ಸ್ ಒಬ್ಬ, ಅದನ್ನು ಆಳಿದ ಹಿಟ್ಲರ್ ಇನ್ನೊಬ್ಬ. ಆ ದೇಶದಲ್ಲಿ ಮತ್ತೆ ಉಗ್ರ ಬಲಪಂಥದ ಪಕ್ಷವೊಂದು ಬೆಳೆದು ನಿಂತಿದೆ. ಅದರ ಹೆಸರು ಎ.ಎಫ್.ಡಿ.

2013ರಲ್ಲಿ ಹುಟ್ಟಿದಾಗ ಅದು ಪ್ರೊಫೆಸರುಗಳ ಪಕ್ಷ. ಯೂರೋ ನಾಣ್ಯ ಬೇಡ, ಗ್ರೀಸಿನ ಸಾಲಕ್ಕೆ ನಮ್ಮ ದುಡ್ಡು ಬೇಡ ಎಂಬುದೇ ಅದರ ಕೂಗು. ಸಿಕ್ಕಿದ್ದು ಶೇಕಡ 4.7 ಮತ. 2015ರಲ್ಲಿ ಸಿರಿಯಾ ಮೊದಲಾದ ಕಡೆಗಳಿಂದ ಸುಮಾರು 9 ಲಕ್ಷ ನಿರಾಶ್ರಿತರು ಬಂದರು. ಪಕ್ಷ ಕೂಗು ಬದಲಿಸಿತು. ನಿಮ್ಮ ಕಷ್ಟಕ್ಕೆಲ್ಲ ಹೊರಗಿನವನೇ ಕಾರಣ ಎಂದಿತು. 2017ರಲ್ಲಿ ಶೇಕಡ 12.6 ಮತ ಬಂತು. 2025ರ ಫೆಬ್ರವರಿಯಲ್ಲಿ ಶೇಕಡ 20.8; ಪಾರ್ಲಿಮೆಂಟಿನ 630 ಸ್ಥಾನಗಳಲ್ಲಿ 152. ಅದೇ ವರ್ಷದ ಏಪ್ರಿಲ್‌ನಲ್ಲಿ, ಜನಾಭಿಪ್ರಾಯದ ಎಣಿಕೆಯಲ್ಲಿ ಮೊಟ್ಟಮೊದಲ ಸಲ ಎಲ್ಲ ಪಕ್ಷಗಳನ್ನೂ ಹಿಂದೆ ಹಾಕಿತು.

ಆದರೆ ಕೂಲಿಕಾರರಾದ ನಾವು ಗಮನಿಸಬೇಕಾದ ಅಂಕಿ ಬೇರೆ ಇದೆ. 2025ರ ಚುನಾವಣೆಯ ದಿನ ಮತದಾರರನ್ನು ವಿಚಾರಿಸಿದಾಗ, ಕಾರ್ಮಿಕರಲ್ಲಿ ಶೇಕಡ 38 ಮಂದಿ ಈ ಪಕ್ಷಕ್ಕೆ ಮತ ಹಾಕಿದ್ದರು. 1863ರಿಂದ ಕಾರ್ಮಿಕರ ಹೆಸರಿನಲ್ಲೇ ಬೆಳೆದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ಹಾಕಿದವರು ಶೇಕಡ 12 ಮಾತ್ರ!

ಇವರೆಲ್ಲ ಹಿಟ್ಲರನ ಭಕ್ತರೇನು? ಹಾಗೆಂದು ಬೈದು ಸುಮ್ಮನಾಗುವುದು ಸುಲಭ. ಅವರ ಪಾಡನ್ನೂ ನೋಡೋಣ. 1990ರಲ್ಲಿ ಪೂರ್ವ, ಪಶ್ಚಿಮ ಜರ್ಮನಿಗಳು ಒಂದಾದವು. ಪೂರ್ವದ ಸರಕಾರಿ ಕಾರ್ಖಾನೆಗಳನ್ನು ಮಾರಲು ಟ್ರಾಯ್‌ಹಾಂಡ್ ಎಂಬ ಸಂಸ್ಥೆ ಇತ್ತು. ಸುಮಾರು 40 ಲಕ್ಷ ಜನ ದುಡಿಯುತ್ತಿದ್ದ ಆ ಕಾರ್ಖಾನೆಗಳು ನಾಲ್ಕೇ ವರ್ಷದಲ್ಲಿ ಮಾರಾಟವಾದವು, ಇಲ್ಲವೇ ಬೀಗ ಹಾಕಿಕೊಂಡವು. ಲಕ್ಷಾಂತರ ಜನ ಬೀದಿಪಾಲಾದರು. 2005ರಲ್ಲಿ, ಸೋಷಿಯಲ್ ಡೆಮಾಕ್ರಟ್ ಶ್ರೋಡರ್ ಪ್ರಧಾನಿಯಾಗಿದ್ದಾಗಲೇ, ದೀರ್ಘಕಾಲ ನಿರುದ್ಯೋಗಿಯಾದವನ ನೆರವಿಗೆ ಕತ್ತರಿ ಬಿತ್ತು. 2022ರ ಯುದ್ಧದಿಂದ ರಷ್ಯದ ಅನಿಲ ನಿಂತು ಬೆಲೆಗಳು ಏರಿದವು. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯಲ್ಲಿ, 2030ರೊಳಗೆ 35,000 ಕೆಲಸ ಕಡಿಮೆ ಮಾಡುವ ಒಪ್ಪಂದವಾಯಿತು. ತನ್ನ ಪಕ್ಷವೇ ಕೈಬಿಟ್ಟಿತೆಂದು ತಿಳಿದ ಕೂಲಿಕಾರ ಸಿಟ್ಟಿನಿಂದ ಬಲಕ್ಕೆ ತಿರುಗಿದ.

ರೋಗವೇನೋ ನಿಜ. ಆದರೆ ಎ.ಎಫ್.ಡಿ. ಕೊಡುವ ಮದ್ದೇನು? ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆಯನ್ನು ತೆಗೆದುಹಾಕುವುದು ಅದರ ಕಾರ್ಯಕ್ರಮ. ಇದರಿಂದ ಕೋಟ್ಯಧೀಶನ ಮಗನಿಗೆ ಲಾಭ. ಬಾಡಿಗೆ ಮನೆಯ ಕೂಲಿಕಾರನ ಮಗನಿಗೇನು? ವಿಚಿತ್ರ ನೋಡಿ: ಪೂರ್ವದ ಪ್ರಾಂತಗಳಲ್ಲಿ ವಿದೇಶೀಯರು ಕಡಿಮೆ, ಈ ಪಕ್ಷದ ಮತ ಹೆಚ್ಚು. 2024ರಲ್ಲಿ ಟ್ಯೂರಿಂಗನ್ ಪ್ರಾಂತದಲ್ಲಿ ಶೇಕಡ 32.8 ಮತ ಪಡೆದು ಅದೇ ಮೊದಲನೆಯದಾಯಿತು. ವಿದೇಶೀಯ ಹೊರಟುಹೋದರೆ ಮುಚ್ಚಿದ ಕಾರ್ಖಾನೆ ತೆರೆಯುತ್ತದೆಯೇ?

ಆ ವಿದೇಶೀಯರಲ್ಲಿ ನಮ್ಮವರೂ ಇದ್ದಾರೆ. ಕೈಗೆ ಜನ ಸಾಲದೆ ಜರ್ಮನಿಯ ಸರಕಾರ, 2024ರಲ್ಲಿ, ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಸಾರಿತು.

ಹಳೆಯದನ್ನೂ ಮರೆಯಬಾರದು. 1928ರಲ್ಲಿ ನಾಜಿಗಳಿಗೆ ಬಂದ ಮತ ಶೇಕಡ 2.6. ನಿರುದ್ಯೋಗಿಗಳು ಸುಮಾರು 60 ಲಕ್ಷಕ್ಕೇರಿದ 1932ರ ಜುಲೈನಲ್ಲಿ ಶೇಕಡ 37.3. ಸೋಷಿಯಲ್ ಡೆಮಾಕ್ರಟರೂ ಕಮ್ಯುನಿಸ್ಟರೂ ಆಗ ಪರಸ್ಪರ ಕಚ್ಚಾಡುತ್ತಿದ್ದರು. 1933ರ ಮೇ 1ರಂದು ಹಿಟ್ಲರ್ ಕಾರ್ಮಿಕರ ಹಬ್ಬ ಮಾಡಿಸಿದ. ಮರುದಿನವೇ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಮುಖಂಡರನ್ನು ಹಿಡಿಸಿದ. ಇಂದಿನ ಜರ್ಮನಿ ಅಂದಿನದಲ್ಲ. ಸ್ವತಂತ್ರ ನ್ಯಾಯಾಲಯಗಳಿವೆ, ಬಲವಾದ ಕಾರ್ಮಿಕ ಸಂಘಗಳಿವೆ. ಆದರೂ ಎಚ್ಚರ ಬೇಡವೇ?

ದಾರಿ ಇಲ್ಲದಿಲ್ಲ. 'ಡೀ ಲಿಂಕೆ' ಎಂಬ ಎಡಪಕ್ಷ ಮುಗಿಯಿತೆಂದೇ 2024ರ ಕೊನೆಗೆ ಎಲ್ಲರೂ ಎಣಿಸಿದ್ದರು. ಅದರ ಕಾರ್ಯಕರ್ತರು ಮನೆಮನೆಯ ಬಾಗಿಲು ತಟ್ಟಿ ಬಾಡಿಗೆ ಎಷ್ಟು, ದಿನಸಿಯ ಬೆಲೆ ಎಷ್ಟು ಎಂದು ಕೇಳಿದರು. 2025ರಲ್ಲಿ ಅದಕ್ಕೆ ಬಂದ ಮತ ಶೇಕಡ 8.8. ಇದು ಸಣ್ಣದೇ, ಆದರೆ ಪಾಠ ದೊಡ್ಡದು.

ಬಡವನ ಕಷ್ಟವನ್ನು ನಾವು ಕೇಳದೆ ಹೋದರೆ ಬೇರೊಬ್ಬ ಬಂದು ಕೇಳುತ್ತಾನೆ; ಕೇಳಿ, ಪಕ್ಕದ ಮನೆಯ ಬಡವನ ಕಡೆಗೇ ಬೆರಳು ತೋರಿಸುತ್ತಾನೆ. ಗಿರಣಿಯ ಗೆಳೆಯರೇ, ಅಂಗಡಿಯ ಬಂಧುಗಳೇ, ಹಾಗಾಗಲು ಬಿಡಬೇಡಿ.