ಕಸಿಗೆ ಮುಂಚಿನ ನಾಲ್ಕು ತಿಂಗಳು

ಮಲ್ಟಿಪಲ್ ಮೈಲೋಮಾ ಎಂದು ಚೀಟಿಯಲ್ಲಿ ಬರೆಸಿಕೊಂಡು ಬಂದಿರುವ ರೋಗಿಗಳೇ, ಜೊತೆಗಿರುವ ಮನೆಯವರೇ,

ಇದು ಎಲುಬಿನೊಳಗಿನ ಮಜ್ಜೆಯ ಕ್ಯಾನ್ಸರ್. ಮಜ್ಜೆಯ ಪ್ಲಾಸ್ಮಾ ಕಣಗಳು ಅಂಕೆ ಮೀರಿ ಬೆಳೆದು ಎಲುಬು ಸವೆಸುತ್ತವೆ, ರಕ್ತ ಕಡಿಮೆ ಮಾಡುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ಹಿರೇಬೆಂಡಿಗೇರಿ, ಶಿಗ್ಗಾಂವಿ ಕಡೆ ಬೆನ್ನು ನೋಯ್ದರೆ ಹೊಲದ ಕೆಲಸ ಹೆಚ್ಚಾಯಿತೆಂದು ಅಂಗಡಿಯ ನೋವಿನ ಗುಳಿಗೆ ನುಂಗುವುದು ರೂಢಿ. ಇನ್ನು ಮುಂದೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಈ ಕಾಯಿಲೆಯಲ್ಲಿ ಅವು ಕಿಡ್ನಿಯನ್ನೇ ಕೆಡಿಸಬಹುದು. ನೋವು ತಡೆಯದಿದ್ದರೆ ನಮ್ಮನ್ನು ಕೇಳಿ.

ಸ್ಟೆಮ್ ಸೆಲ್ ಕಸಿ ಎಂದೊಡನೆ "ಯಾರು ಕೊಡಬೇಕು?" ಎಂದು ಮನೆಯವರು ಮುಖ ಮುಖ ನೋಡುತ್ತಾರೆ. ಮೈಲೋಮಾದಲ್ಲಿ ಸಾಮಾನ್ಯವಾಗಿ ಯಾರೂ ಕೊಡಬೇಕಾಗಿಲ್ಲ. ರೋಗಿಯ ಸ್ವಂತ ಕಣಗಳನ್ನೇ ರಕ್ತದಿಂದ ತೆಗೆದಿಟ್ಟು, ಮೆಲ್ಫಲಾನ್ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟ ಮೇಲೆ ವಾಪಸು ಏರಿಸುತ್ತಾರೆ. ಕಳೆ ತುಂಬಿದ ಹೊಲದಿಂದ ಬೀಜಕ್ಕೆಂದು ತೆಗೆದಿಡುವುದಿಲ್ಲವಷ್ಟೆ? ಮೊದಲು ಕಳೆ ಇಳಿಯಬೇಕು. ಅದಕ್ಕೇ ಈ ಚಿಕಿತ್ಸೆ. ಸಾಮಾನ್ಯವಾಗಿ 4 ಸುತ್ತು, ಅಂದರೆ ಮೂರು-ನಾಲ್ಕು ತಿಂಗಳು. ಕೆಲವರಿಗೆ 6 ಸುತ್ತು.

ಬೋರ್ಟೆಜೋಮಿಬ್ ಚುಚ್ಚುಮದ್ದನ್ನು ಹೆಚ್ಚಾಗಿ ಹೊಟ್ಟೆಯ ಚರ್ಮದಡಿ ಕೊಡುತ್ತೇವೆ. ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಈಗ ನಮ್ಮ ದೇಶದ ಕಂಪನಿಗಳೇ ತಯಾರಿಸುವುದರಿಂದ ಬೆಲೆ ಇಳಿದಿದೆ. ಜೊತೆಗೆ ಲೆನಾಲಿಡೊಮೈಡ್ ಕ್ಯಾಪ್ಸೂಲ್, ವಾರಕ್ಕೊಮ್ಮೆ ಡೆಕ್ಸಾಮೆಥಾಸೋನ್. ಕೆಲವರಿಗೆ ಡಾರಾಟುಮುಮಾಬ್ ಕೂಡ ಸೇರಿಸುತ್ತಾರೆ, ಅದು ದುಬಾರಿ. ಡೆಕ್ಸಾಮೆಥಾಸೋನ್ 4 ಮಿ.ಗ್ರಾಂ.ನ 10 ಗುಳಿಗೆ ಒಮ್ಮೆಗೇ ಬರೆದಿದ್ದರೆ ಹೌಹಾರಬೇಡಿ. ಬೆಳಿಗ್ಗೆ ಊಟವಾದ ಮೇಲೆ ಕೊಡಿ. ಆ ರಾತ್ರಿ ನಿದ್ದೆ ಬಾರದೆ ಯಜಮಾನರು ಸಿಡಿಮಿಡಿ ಎಂದರೆ ಅದು ಗುಳಿಗೆಯ ಗುಣ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಸಕ್ಕರೆ ಪರೀಕ್ಷೆ ತಪ್ಪಿಸಬಾರದು.

ಈಗ ಮುಖ್ಯ ಮಾತು. ಹಲವರಿಗೆ ಒಂದೆರಡು ಸುತ್ತಿನಲ್ಲೇ ಬೆನ್ನು ಹಗುರಾಗುತ್ತದೆ. ಅಷ್ಟರಲ್ಲಿ ಮಳೆ ಬರುತ್ತದೆ, ಗೋವಿನಜೋಳ ಬಿತ್ತಬೇಕು, ಹುಬ್ಬಳ್ಳಿಗೆ ಹೋಗುವ ದಿನ ತಪ್ಪುತ್ತದೆ. ನೋವು ಹೋದರೂ ಮಜ್ಜೆಯಲ್ಲಿ ರೋಗ ಉಳಿದಿರುತ್ತದೆ. ರಕ್ತದಲ್ಲಿ ಎಂ ಪ್ರೋಟೀನ್ ಎಷ್ಟು ಇಳಿದಿದೆ ಎಂದು ನೋಡಿಯೇ ಡಾಕ್ಟರು ಹೇಳಬಲ್ಲರು. ನಡುವೆ ಬಿಟ್ಟರೆ ರೋಗ ಮತ್ತೆ ಏರಿ, ಕಸಿಯ ಅವಕಾಶವೇ ಕೈತಪ್ಪಬಹುದು. ಹಾಗೆಂದು ಎಳೆಯುವುದೂ ಸಲ್ಲ: ಲೆನಾಲಿಡೊಮೈಡ್ ಬಹಳ ತಿಂಗಳು ನಡೆದರೆ ಕಣ ತೆಗೆಯುವುದು ಕಷ್ಟವಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಅಥವಾ ಬೇರೆ ಕಸಿ ಕೇಂದ್ರಕ್ಕೆ ಮೊದಲ ಸುತ್ತುಗಳಲ್ಲೇ ಹೋಗಿ ತೋರಿಸಿ ಬನ್ನಿ. ರೇಷನ್ ಕಾರ್ಡ್, ಆಧಾರ್ ಹಿಡಿದು ಆರೋಗ್ಯ ಮಿತ್ರರನ್ನು ಕಂಡು ಯಾವುದಕ್ಕೆ ಸಹಾಯ ಸಿಗುತ್ತದೆಂದು ಮೊದಲೇ ಕೇಳಿ.

ಸರ್ಪಸುತ್ತು ಏಳದಂತೆ ಕೊಟ್ಟ ಅಸೈಕ್ಲೋವಿರ್ ಬಿಡಬೇಡಿ. ಅಂಗಾಲು ಜೋಮು ಹಿಡಿದರೆ ತಿಳಿಸಿ, ಬರಿಗಾಲಲ್ಲಿ ಹೊಲಕ್ಕಿಳಿಯಬೇಡಿ. ಒಂದೇ ಕಾಲು ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಬನ್ನಿ. ಚೀಲ ಹೊರಬೇಡಿ. ಎಲುಬಿನ ಜೊಲೆಡ್ರೋನಿಕ್ ಆಮ್ಲಕ್ಕೆ ಮುಂಚೆ ಹಲ್ಲು ತೋರಿಸಿಕೊಳ್ಳಿ. ಲೆನಾಲಿಡೊಮೈಡ್ ಕ್ಯಾಪ್ಸೂಲನ್ನು ಬಿಡಿಸಬೇಡಿ. ಬಸುರಿ ಸೊಸೆ-ಮಗಳು ಅದನ್ನು ಮುಟ್ಟಲೂಬಾರದು, ಹೊಟ್ಟೆಯ ಕೂಸಿಗೆ ಅಂಗವಿಕಲತೆ ತರಬಲ್ಲದು.

ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ತಲುಪಿದರೆ, ರಾತ್ರಿಯಾದರೂ ಸರಿ, ಬೆಳಗಾಗಲಿ ಎಂದು ಕಾಯದೆ ಹೊರಡಿ.